ಅಳಿವೆ ಬಾಗಿಲಿನ ಅಮ್ಮಣ್ಣಿ

ಇಲ್ಲ ಮಾರಾಯ್ರೆ, ಸುಳ್ಳಲ್ಲ. ಕಾಗದದ ಮೇಲಿನ ಒಂದು ಶಬ್ದವನ್ನು ಸರಿ ಮಾಡಿಸಲಿಕ್ಕೆ ನನ್ನ ನಾದಿನಿ ಅಮ್ಮಣ್ಣಿ ಕಾಪುವಿನಿಂದ ಕುಕ್ಕುಂದೂರಿಗೆ ಬಸ್ಸು ಹತ್ತಿದ್ದು ನಿಜ. ಆ ಶಬ್ದ ಸರಿಯಾದದ್ದರಿಂದಲೇ ಅವಳಿಗೆ ನಷ್ಟವಾದದ್ದೂ ನಿಜ. ನೀವು ನಂಬುವುದಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತದೆ. ಬೇಸರ ಇಲ್ಲ. ಈ ದೇಜಪ್ಪನನ್ನು ನಂಬದವರಲ್ಲಿ ನೀವು ಮೊದಲಿಗರಲ್ಲ. ಕಾರ್ಕಳ–ಉಡುಪಿ ಬಸ್ಸಿನಲ್ಲಿ ನಾನು ಮೂವತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವನು. ‘ಹಿಂದೆ ಜಾಗ ಉಂಟು, ಒಳಗೆ ಹೋಗಿ’ ಎಂದು ದಿನಕ್ಕೆ ಐನೂರು ಸಲ ಹೇಳಿದ್ದೇನೆ. ಒಬ್ಬರೂ ನಂಬಿದ್ದಿಲ್ಲ, ಆದರೆ ಎಲ್ಲರೂ ಒಳಗೆ ಹೋಗಿದ್ದಾರೆ. ನೀವೂ ಹಾಗೆಯೇ ಸ್ವಲ್ಪ ಒಳಗೆ ಬನ್ನಿ.

ಕಡಲಿನ ದಡದಲ್ಲಿ ಹುಟ್ಟಿದವನು ಬಸ್ಸಿಗೆ ಯಾಕೆ ಹೋದ ಎಂದು ಕೇಳುತ್ತೀರಿ. ನನಗೆ ದೋಣಿ ಹತ್ತಿದರೆ ವಾಂತಿ. ಹತ್ತುವುದೂ ಬೇಡ, ದೋಣಿಯ ಚಿತ್ರ ನೋಡಿದರೂ ಸಾಕು. ನನ್ನ ಅಪ್ಪ ಎರಡು ಸಲ ಕರೆದುಕೊಂಡು ಹೋದರು, ಮೂರನೆಯ ಸಲ ದೋಣಿಯವರೇ ಬೇಡವೆಂದರು. ಅಮ್ಮಣ್ಣಿಯದು ಇದಕ್ಕೆ ಪೂರ್ತಿ ಉಲ್ಟಾ. ಅವಳು ನನ್ನ ಹೆಂಡತಿಯ ತಂಗಿ, ಈಗ ಅರವತ್ತೊಂದು ನಡೆಯುತ್ತಿದೆ. ಅವಳಿಗೆ ಬಸ್ಸು ಹತ್ತಿದರೆ ತಲೆ ತಿರುಗುತ್ತದೆ, ನೀರಿಗೆ ಇಳಿದರೆ ಸರಿಯಾಗುತ್ತದೆ.

ಅವಳ ಗಂಡ ಅಣ್ಣು ದೊಡ್ಡ ಬೋಟಿನಲ್ಲಿ ಇದ್ದವನು. ಹಗ್ಗ ಎಳೆಯುವಾಗ ಬೆನ್ನು ಹೋಯಿತು. ಹದಿನೆಂಟು ವರ್ಷಗಳಿಂದ ಜಗಲಿಯಲ್ಲಿ ಕುಳಿತು ಬಲೆ ಹೊಲಿಯುತ್ತಾನೆ. ಮಾತು ಕಡಿಮೆ. ನಾನು ಅವರ ಮನೆಗೆ ಹೋದರೆ ‘ಬಂದಿರಾ’ ಎನ್ನುತ್ತಾನೆ, ಹೊರಟರೆ ‘ಹೊರಟಿರಾ’ ಎನ್ನುತ್ತಾನೆ. ನಡುವಿನದ್ದೆಲ್ಲ ನಾನೇ ಮಾತಾಡಬೇಕು. ಅವನ ಬೆನ್ನು ಹೋದ ವರ್ಷದಿಂದ ಆ ಮನೆ ನಡೆದದ್ದು ಮರುವಾಯಿಯಲ್ಲಿ. ಮರುವಾಯಿ ಎಂದರೆ ಹೊಳೆಯ ಮರಳಿನೊಳಗೆ ಹುಗಿದುಕೊಂಡಿರುವ, ಸಾರು ಮಾಡಿ ತಿನ್ನುವ ಚಿಪ್ಪುಜೀವಿ. ನೀರು ಇಳಿದ ಹೊತ್ತಿಗೆ ಅಮ್ಮಣ್ಣಿ ಸೊಂಟದ ತನಕ ನೀರಿನಲ್ಲಿ ನಿಲ್ಲುತ್ತಾಳೆ. ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ ಅಲ್ಯುಮಿನಿಯಂ ಬೋಗುಣಿ ತೇಲುತ್ತಿರುತ್ತದೆ. ಅವಳ ಕೈ ಹುಡುಕುವುದಿಲ್ಲ, ಕಾಲು ಹುಡುಕುತ್ತದೆ. ಹೆಬ್ಬೆರಳಿನಿಂದ ಮರಳನ್ನು ಒತ್ತಿ, ಇದು ಕಲ್ಲು, ಇದು ಖಾಲಿ ಚಿಪ್ಪು, ಇದು ಜೀವ ಇರುವುದು ಎಂದು ಹೇಳುತ್ತಾಳೆ. ಒಮ್ಮೆ ಮರುವಾಯಿ ಸೀನಿದ್ದು ಅವಳ ಕಾಲಿಗೆ ಕೇಳಿಸಿತಂತೆ. ಇದನ್ನು ಅವಳು ಹೇಳಿದ್ದಲ್ಲ, ನಾನು ಹೇಳುವುದು. ಆದರೆ ಕೇಳಿದರೆ ಅವಳು ಇಲ್ಲ ಎನ್ನಲಾರಳು.

ಅವಳ ಜೊತೆಗೆ ಇನ್ನೂ ಹತ್ತು ಹೆಂಗಸರು ಇದ್ದಾರೆ. ಒಟ್ಟು ಹನ್ನೊಂದು ಬೋಗುಣಿ. ನೆನಪಿಟ್ಟುಕೊಳ್ಳಿ, ಕಥೆ ಇರುವುದು ಆ ಹನ್ನೊಂದು ಬೋಗುಣಿಯದ್ದು.

ಹೋದ ವರ್ಷ ಮಳೆ ಮುಗಿದ ಮೇಲೆ ಮಣಿಪಾಲದಲ್ಲಿ ಒಂದು ದೊಡ್ಡ ಸಭೆ ಕರೆದರು. ಕಾಸರಗೋಡಿನಿಂದ ಕಾರವಾರದ ತನಕ ಕಡಲಿನ ವಿಷಯ ಓದಿದವರು, ಕಲಿಸುವವರು, ಇಲಾಖೆಯವರು ಎಲ್ಲ ಒಟ್ಟು ಸೇರಿ ಒಂದು ಪಟ್ಟಿ ಮಾಡುವುದಂತೆ. ಮುಂದಿನ ಐದು ವರ್ಷ ಕರಾವಳಿಯಲ್ಲಿ ಯಾವ ಸಂಶೋಧನೆ ಮೊದಲು ಆಗಬೇಕು, ಯಾವುದು ಆಮೇಲೆ. ಒಬ್ಬೊಬ್ಬರೇ ಬೇರೆ ಬೇರೆ ಕಡೆ ಒಂದೇ ಕೆಲಸ ಮಾಡುವುದು ಬೇಡ, ಹಂಚಿಕೊಂಡು ಮಾಡುವ ಎಂದು. ಯೋಚನೆ ಒಳ್ಳೆಯದೇ. ನಮ್ಮ ಕಾಲದಲ್ಲಿ ಮೂರು ಕಂಪೆನಿಯ ಬಸ್ಸುಗಳು ಒಂದೇ ನಿಮಿಷಕ್ಕೆ ಹೊರಟು, ಆಮೇಲೆ ಒಂದು ಗಂಟೆ ಒಂದೂ ಬಸ್ಸಿಲ್ಲದೆ ಜನ ನಿಂತದ್ದನ್ನು ನಾನು ಕಂಡಿದ್ದೇನೆ.

ಮೀನು ಹಿಡಿಯುವವರೂ ಬರಲಿ ಎಂದು ಅವರು ಕೇಳಿದ್ದರಿಂದ ಮಹಿಳಾ ಸೊಸೈಟಿಯವರು ಅಮ್ಮಣ್ಣಿಯ ಹೆಸರು ಕೊಟ್ಟರು. ಅವಳು ನನಗೆ ಫೋನ್ ಮಾಡಿದಳು. ನಾವು ಮಾತಾಡುವುದು ತುಳುವಿನಲ್ಲಿ, ನಿಮಗೋಸ್ಕರ ಕನ್ನಡ ಮಾಡುತ್ತೇನೆ.

“ಭಾವ, ನೀವೂ ಬನ್ನಿ. ಟೈಗರ್ ಸರ್ಕಲಿನಲ್ಲಿ ಇಳಿದ ಮೇಲೆ ನನಗೆ ದಿಕ್ಕು ಗೊತ್ತಾಗುದಿಲ್ಲ. ಕಡಲು ಕಾಣದ ಊರು ಅದು.”

“ಬರ್ತೇನೆ. ಆದರೆ ಮಾತಾಡುದು ನೀನೇ.”

“ನೀವು ಬಾಯಿ ಮುಚ್ಚಿ ಕೂತುಕೊಳ್ಳುವ ಕಾಲ ಬಂತಾ? ನೋಡ್ಲಿಕ್ಕಾದ್ರೂ ಬನ್ನಿ.”

ಹೋದೆವು. ಎ.ಸಿ. ಹಾಲು. ಅಮ್ಮಣ್ಣಿ ಸೆರಗನ್ನು ಎರಡು ಸುತ್ತು ಹೊದ್ದು ಕುಳಿತಳು. ಒಬ್ಬೊಬ್ಬರು ಎದ್ದು ಪರದೆಯ ಮೇಲೆ ಗೆರೆ, ಬಣ್ಣ, ನಕ್ಷೆ ತೋರಿಸಿದರು. ನಾನು ಅರ್ಧ ಗಂಟೆ ನಿದ್ದೆ ಮಾಡಿದೆ, ಗೊರಕೆ ಮಾತ್ರ ಹೊಡೆಯಲಿಲ್ಲ. ಅಮ್ಮಣ್ಣಿಯ ಸರದಿ ಬಂದಾಗ ಎಚ್ಚರವಾಯಿತು. ಅವಳು ಮೈಕನ್ನು ದೊಡ್ಡ ಮೀನಿನ ಬಾಲ ಹಿಡಿದ ಹಾಗೆ ಹಿಡಿದುಕೊಂಡು, ನಿಧಾನಕ್ಕೆ, ಪುಸ್ತಕದ ಕನ್ನಡದಲ್ಲಿ ಹೇಳಿದಳು:

“ಮರುವಾಯಿ ಈಗ ಅಳಿವೆ ಬಾಗಿಲಿನಲ್ಲಿ ಉಂಟು. ಹೊಳೆಯ ಒಳಗೆ ಇಲ್ಲ. ಮೊದಲು ಒಳಗೂ ಇತ್ತು. ಯಾಕೆ ಹೀಗಾಯಿತು ಅಂತ ನೀವು ನೋಡಬೇಕು.”

ಅಷ್ಟೇ. ಅಳಿವೆ ಬಾಗಿಲು ಎಂದರೆ ಹೊಳೆ ಕಡಲಿಗೆ ಸೇರುವ ಬಾಯಿ. ನಮ್ಮ ದಡದಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ಶಬ್ದ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ವಿಕಾಸ್ ಎಂದು ಹೆಸರು, ದೊಡ್ಡ ಡಿಗ್ರಿ, ಒಳ್ಳೆಯ ಮುಖ. ಅಮ್ಮಣ್ಣಿ ಕುಳಿತಾಗ ಅವನೇ ಎದ್ದು ಬಂದು ಅವಳಿಗೆ ನೀರು ಕೊಟ್ಟ. ಬರುವಾಗ ಬಸ್ಸಿನಲ್ಲಿ ಅಮ್ಮಣ್ಣಿ, “ನಾನು ಸರಿ ಹೇಳಿದೆನಾ ಭಾವ?” ಎಂದು ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ನಾನು ಸರಿ ಎಂದೆ.

ಹನ್ನೆರಡು ದಿನ ಕಳೆದು ಪಟ್ಟಿಯ ಕರಡು ಮೊಬೈಲಿಗೆ ಬಂತು. ಆವತ್ತು ನಾನೂ ಅವರ ಜಗಲಿಯಲ್ಲಿದ್ದೆ. ಅಮ್ಮಣ್ಣಿಯ ಮಗಳು ಹರ್ಷಿಣಿ ಕಾಪು ಪೇಟೆಯಲ್ಲಿ ಟೈಲರ್, ಓದುವುದು ಅವಳದ್ದೇ ಕೆಲಸ.

“ಅಮ್ಮ, ನಿಮ್ಮದು ಮೂರನೇ ನಂಬ್ರ! ಇಪ್ಪತ್ತೆರಡರಲ್ಲಿ ಮೂರು!”

ಅಣ್ಣು ಕೂಡ ಬಲೆಯಿಂದ ತಲೆ ಎತ್ತಿದ. ನಾನು, “ನೋಡು, ನಾನು ಜೊತೆಗೆ ಬಂದದ್ದಕ್ಕೆ,” ಎಂದೆ. ಹರ್ಷಿಣಿ ಮುಂದೆ ಓದಿದಳು: “ಮರುವಾಯಿ ಈಗ ಅಳಿವಿನ ಬಾಗಿಲಿನಲ್ಲಿದೆ. ಹೊಳೆಯ ಒಳಗೆ ಈಗಾಗಲೇ ಇಲ್ಲ. ಶಿಫಾರಸು: ಮೂರು ವರ್ಷ ಸಂಗ್ರಹ ನಿಷೇಧ ಹಾಗೂ ಅಧ್ಯಯನ.”

ಅಮ್ಮಣ್ಣಿ ಕೇಳಿದಳು, “ಅಳಿವಿನ ಬಾಗಿಲು ಅಂದ್ರೆ ಎಂತ?”

“ಇನ್ನು ಸ್ವಲ್ಪ ದಿನದಲ್ಲಿ ಪೂರ್ತಿ ನಾಶ ಆಗ್ತದೆ ಅಂತ,” ಎಂದಳು ಹರ್ಷಿಣಿ.

“ನಾನು ಹಾಗೆ ಹೇಳಲಿಲ್ಲ! ಬಾಗಿಲಿನಲ್ಲಿ ಉಂಟು ಅಂತ ಹೇಳಿದ್ದು. ಉಂಟು ಅಂತ!” ಅವಳು ನನ್ನ ಕಡೆ ತಿರುಗಿದಳು. “ಭಾವ, ನೀವು ಕೇಳಿದ್ದೀರಿ ಅಲ್ವಾ?”

ಕೇಳಿದ್ದೆ. ಒಂದು ‘ವೆ’ ಎದ್ದುಹೋಗಿ ಆ ಸೀಟಿನಲ್ಲಿ ‘ವಿನ’ ಕುಳಿತಿತ್ತು. ಅಷ್ಟಕ್ಕೇ, ಹೊಳೆಯ ಬಾಯಿಯಲ್ಲಿ ಹಾಯಾಗಿ ಬದುಕಿದ್ದ ಮರುವಾಯಿಯನ್ನು ಸಾವಿನ ಹೊಸ್ತಿಲಿಗೆ ತಂದು ನಿಲ್ಲಿಸಿದ್ದರು. ನಾನು ಸಮಾಧಾನ ಮಾಡಲು ಹೋಗಿ, “ಒಂದು ಅಕ್ಷರ ತಾನೇ, ಹೋಗ್ಲಿ,” ಎಂದುಬಿಟ್ಟೆ.

“ಮೂರು ವರ್ಷ ನೀರಿಗೆ ಇಳೀಬಾರದಂತೆ. ಹನ್ನೊಂದು ಮನೆ. ನೀವು ಬಂದು ಅಡುಗೆ ಮಾಡಿ ಹಾಕ್ತೀರಾ?”

ನನ್ನ ಅಡುಗೆ ತಿನ್ನುವುದಕ್ಕಿಂತ ನಿಷೇಧವೇ ವಾಸಿ. ಪಟ್ಟಿಯ ಕೆಳಗೆ ಬರೆದಿತ್ತು, ಬುಧವಾರ ಕೊನೆಯ ಸಭೆ, ಅಲ್ಲಿ ತೀರ್ಮಾನವಾದರೆ ಸರಕಾರಕ್ಕೆ ಹೋಗುತ್ತದೆ. ಅವತ್ತು ಭಾನುವಾರ. ಪಟ್ಟಿಯಲ್ಲಿದ್ದ ನಂಬರಿಗೆ ಹರ್ಷಿಣಿ ಫೋನ್ ಮಾಡಿದಾಗ, ಸಭೆಯಲ್ಲಿ ಬರೆದುಕೊಂಡಿದ್ದ ವಿಕಾಸ್ ಊರಿಗೆ ಹೋಗಿದ್ದಾನೆ ಎಂದು ಗೊತ್ತಾಯಿತು, ಕಾರ್ಕಳದ ಹತ್ತಿರ ಕುಕ್ಕುಂದೂರು. ಫೋನಿನಲ್ಲೇ ಹೇಳು ಎಂದೆ. ಅಮ್ಮಣ್ಣಿ ಕೇಳಲಿಲ್ಲ. “ಬಾಯಲ್ಲಿ ಹೇಳಿದ್ದೇ ತಪ್ಪಾಗಿ ಹೋಯ್ತು. ಇನ್ನು ಫೋನಿನಲ್ಲಿ ಹೇಳಿದ್ರೆ ಎಂತ ಆಗ್ತದೋ.”

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದೆವು. ಬೆಳ್ಮಣ್ ಬರುವಷ್ಟರಲ್ಲಿ ಅಮ್ಮಣ್ಣಿ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದಳು. ಅವಳಿಗೆ ಧೈರ್ಯ ಬರಲಿ ಎಂದು ನಾನು ಏಡಿಯ ಕಥೆ ಹೇಳಿದೆ. ಒಂದು ಸಲ ಅವಳ ಬೋಗುಣಿಯಿಂದ ಏಡಿಯೊಂದು ನನ್ನ ಪ್ಯಾಂಟಿನ ಕಾಲಿಗೆ ಕಚ್ಚಿಕೊಂಡು, ಇದೇ ದಾರಿಯಲ್ಲಿ ಕಾರ್ಕಳದ ತನಕ ಟಿಕೆಟಿಲ್ಲದೆ ಬಂದು, ಚೆಕಿಂಗ್‌ನವರು ಹತ್ತಿದಾಗ ಮಾತ್ರ ಇಳಿದುಹೋಯಿತು. ಅವಳು ಕಣ್ಣು ಬಿಡದೆಯೇ, “ಹೋದ ಸಲ ಹೇಳುವಾಗ ಅದು ನಿಟ್ಟೆಯಲ್ಲಿ ಇಳಿದಿತ್ತು,” ಎಂದಳು.

ವಿಕಾಸನ ಮನೆಯಂಗಳದಲ್ಲಿ ಭತ್ತ ಒಣ ಹಾಕಿದ್ದರು. ನಮ್ಮನ್ನು ಕಂಡು ಅವನು ಓಡಿ ಬಂದ. ಅಮ್ಮಣ್ಣಿ ನೀರೂ ಕುಡಿಯದೆ ಕೇಳಿದಳು:

“ಮಗಾ, ನನ್ನ ಅಳಿವೆಯನ್ನು ಎಂತಕ್ಕೆ ಅಳಿವು ಮಾಡಿದ್ದು?”

ಹುಡುಗನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಕಿವಿ ಕೆಂಪಾಯಿತು. “ಅಮ್ಮ... ನೀವು ತಪ್ಪಿ ಹೇಳಿದ್ರಿ ಅಂತ ತಿಳ್ಕೊಂಡೆ. ಅಳಿವೆ ಅನ್ನುವ ಶಬ್ದವನ್ನು ನಾನು ಕೇಳಿಯೇ ಇರ್ಲಿಲ್ಲ. ನಾವು ಗದ್ದೆಯವರು. ಸಭೆಯಲ್ಲಿ ನಿಮಗೆ ಕನ್ನಡ ತಡವರಿಸ್ತಿತ್ತು, ಮರ್ಯಾದೆ ಹೋಗ್ಬಾರ್ದು ಅಂತ ನಾನೇ ಸರಿ ಮಾಡಿ ಬರೆದೆ.”

ನೋಡಿ, ಇದು. ಹಗೆಯಿಂದ ಮಾಡಿದ್ದಾದರೆ ಜಗಳ ಮಾಡಬಹುದು. ಮರ್ಯಾದೆ ಕಾಯಲಿಕ್ಕೆ ಮಾಡಿದವನ ಹತ್ತಿರ ಏನೆಂದು ಜಗಳ ಮಾಡುವುದು? ಅಮ್ಮಣ್ಣಿ ಜಗಲಿಯ ತುದಿಯಲ್ಲಿ ಕುಳಿತಳು. “ನನ್ನ ಕನ್ನಡ ತಡವರಿಸಿದ್ದು ಹೌದು ಮಗಾ. ಶಬ್ದ ತಡವರಿಸಲಿಲ್ಲ.”

ಅವನು ಅಲ್ಲಿಂದಲೇ ಅಕ್ಷಿತಾ ಮೇಡಂಗೆ ಫೋನ್ ಮಾಡಿದ. ಈ ಪಟ್ಟಿಯ ಮುಖ್ಯಸ್ಥೆ ಅವರು. ಬರೆದದ್ದನ್ನು ಸುಮ್ಮನೆ ಅಳಿಸಲಿಕ್ಕೆ ಆಗುವುದಿಲ್ಲ, ಮರುವಾಯಿ ನಿಜವಾಗಿ ಎಷ್ಟಿದೆ ಎಂದು ನೋಡಬೇಕು, ನಾಳೆ ಬೆಳಿಗ್ಗೆ ನೀರು ಇಳಿಯುವ ಹೊತ್ತಿಗೆ ಬರುತ್ತೇನೆ ಎಂದರಂತೆ ಅವರು.

ಸೋಮವಾರ ಬೆಳಿಗ್ಗೆ ಹನ್ನೊಂದು ಹೆಂಗಸರೂ ಅಳಿವೆ ಬಾಗಿಲಿನಲ್ಲಿ ಸಾಲಾಗಿ ನಿಂತಿದ್ದರು. ಮೇಡಂ ಉಪ್ಪು ಅಳೆಯುವ ಸಣ್ಣ ಯಂತ್ರ ತಂದಿದ್ದರು. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. “ನಮ್ಮ ಅಮ್ಮಣ್ಣಿಗೆ ಯಂತ್ರ ಎಂತಕ್ಕೆ ಮೇಡಂ? ಹೊಳೆಯ ನೀರನ್ನು ನಾಲಿಗೆಗೆ ಮುಟ್ಟಿಸಿ ಯಾವ ಊರಿನದ್ದು ಅಂತ ಹೇಳ್ತಾಳೆ,” ಎಂದುಬಿಟ್ಟೆ. ಮೇಡಂಗೆ ಖುಷಿಯಾಯಿತು. ಮೂರು ಬಾಟಲಿಯಲ್ಲಿ ನೀರು ತುಂಬಿ ಇಟ್ಟರು, ಒಂದು ಕಡಲಿನದ್ದು, ಒಂದು ಬಾಗಿಲಿನದ್ದು, ಒಂದು ಹೊಳೆಯ ಒಳಗಿನದ್ದು. ಅಮ್ಮಣ್ಣಿ ಮೂರನ್ನೂ ರುಚಿ ನೋಡಿ, ಮೂರನ್ನೂ ತಪ್ಪು ಹೇಳಿದಳು. ಕಡಲಿನ ನೀರನ್ನೇ ಹೊಳೆಯದ್ದೆಂದಳು. ಬಾಯಲ್ಲಿ ವೀಳ್ಯದೆಲೆ, ಸುಣ್ಣ, ಹೊಗೆಸೊಪ್ಪು, ಇನ್ನು ಉಪ್ಪು ಗೊತ್ತಾಗುವುದು ಹೇಗೆ? ಹೆಂಗಸರು ನಕ್ಕು ನಕ್ಕು ನೀರಿಗೆ ಬಿದ್ದರು. ಅಮ್ಮಣ್ಣಿ ಕೆಂಪು ಉಗುಳು ಉಗಿದು, “ಭಾವ, ನೀವು ಇನ್ನೊಂದು ಮಾತು ಆಡಿದ್ರೆ ನಿಮ್ಮನ್ನು ದೋಣಿಗೆ ಹತ್ತಿಸ್ತೇನೆ,” ಎಂದಳು. ಆಮೇಲೆ ನಾನು ತೆಂಗಿನಮರದ ಬುಡ ಬಿಟ್ಟು ಏಳಲಿಲ್ಲ.

ಆದರೆ ಎಣಿಕೆ ಬೇರೆ. ವಿಕಾಸ್ ಪೈಪಿನಿಂದ ಮಾಡಿದ ಒಂದು ಮೀಟರಿನ ಚೌಕವನ್ನು ಮರಳಿನ ಮೇಲೆ ಇಟ್ಟ. ಅದರೊಳಗೆ ಸಿಕ್ಕಿದ್ದನ್ನೆಲ್ಲ ಎಣಿಸುವುದು. ಅಮ್ಮಣ್ಣಿ ಚೌಕದೊಳಗೆ ಕಾಲಿಟ್ಟು, ಐದೈದರಂತೆ ಎತ್ತಿ ಬೋಗುಣಿಗೆ ಹಾಕಿದಳು. ಮೊದಲ ಚೌಕದಲ್ಲಿ ಎಪ್ಪತ್ತು. ಎರಡನೆಯದರಲ್ಲಿ ಎಪ್ಪತ್ತೈದು. ಹತ್ತು ಜಾಗದಲ್ಲಿ ಇಟ್ಟರು, ಐವತ್ತಕ್ಕಿಂತ ಕಡಿಮೆ ಎಲ್ಲಿಯೂ ಇರಲಿಲ್ಲ. ಉಗುರಿನಷ್ಟು ಸಣ್ಣವೂ ಇದ್ದವು, ಅವನ್ನು ಹೆಂಗಸರು ಎಣಿಸಿದ ಕೂಡಲೇ ಮರಳಿಗೆ ಹಾಕಿದರು. ಆಮೇಲೆ ಹೊಳೆಯ ಒಳಗೆ, ದೋಣಿ ಕಟ್ಟುತ್ತಿದ್ದ ಹಳೆಯ ಧಕ್ಕೆಯ ಹತ್ತಿರ ಹೋದರು. ಅಲ್ಲಿ ಹತ್ತು ಜಾಗದಲ್ಲೂ ಸೊನ್ನೆ. ಬರೀ ಖಾಲಿ ಚಿಪ್ಪು.

ಅಕ್ಷಿತಾ ಮೇಡಂ ಒದ್ದೆ ಬಟ್ಟೆಯಲ್ಲೇ ದಡದಲ್ಲಿ ಕುಳಿತು ತುಂಬ ಹೊತ್ತು ಎಣಿಕೆ ಬರೆದ ಪುಸ್ತಕ ನೋಡಿದರು. ಆಮೇಲೆ ಹೇಳಿದರು:

“ನೀವು ಹೇಳಿದ್ದು ಸರಿ ಅಮ್ಮ. ಆದರೆ ಒಂದು ವಿಷಯ ಮುಚ್ಚಿಡಬಾರದು. ಆ ತಪ್ಪು ಶಬ್ದದಿಂದಲೇ ನಿಮ್ಮದು ಮೂರನೇ ನಂಬ್ರಕ್ಕೆ ಬಂದದ್ದು. ಅದನ್ನು ತೆಗೆದರೆ ನಿಷೇಧವೂ ಹೋಗ್ತದೆ, ನಂಬ್ರವೂ ಕೆಳಗೆ ಹೋಗ್ತದೆ. ಮೊದಲ ಐದಕ್ಕೆ ಮಾತ್ರ ಈ ವರ್ಷ ಕೆಲಸ ಶುರು. ಹೊಳೆಯ ಒಳಗೆ ಯಾಕಿಲ್ಲ ಅಂತ ನೋಡುವವರು ಆಮೇಲೆ ಯಾವಾಗ ಬರ್ತಾರೋ, ನಾನು ಮಾತು ಕೊಡಲಾರೆ.”

ಇಷ್ಟು ನೇರವಾಗಿ ಮಾತಾಡುವ ದೊಡ್ಡವರನ್ನು ನಾನು ಬಸ್ಸಿನಲ್ಲಿ ಮೂವರನ್ನೋ ನಾಲ್ವರನ್ನೋ ಕಂಡಿದ್ದೇನೆ. ನನ್ನ ತಲೆ ಬೇರೆ ಲೆಕ್ಕ ಹಾಕಿತು. ತೆಂಗಿನಮರದ ಬುಡದಿಂದಲೇ ಕೂಗಿದೆ, “ಅಮ್ಮಣ್ಣಿ, ಮೂರನೇ ನಂಬ್ರ ಬಿಡಬೇಡ! ನಿಷೇಧಕ್ಕೆ ಆಮೇಲೆ ಎಂತಾದರೂ ಮಾಡುವ!”

ಅವಳು ಸೊಂಟದಿಂದ ಬೋಗುಣಿಯ ಹಗ್ಗ ಬಿಚ್ಚಿದಳು. ಅವಳಿಗೂ ಆಸೆ ಇರಲಿಲ್ಲ ಎನ್ನಬೇಡಿ. ಒಳಗಿನ ಹೊಳೆ ಅವಳ ಮನೆಯ ಹಿತ್ತಿಲು. ಅಲ್ಲಿ ಮರುವಾಯಿ ಇದ್ದಾಗ ಇಷ್ಟು ದೂರ, ಇಷ್ಟು ಸೆಳೆತದ ನೀರಿಗೆ ಅವಳು ಬರಬೇಕಾಗಿರಲಿಲ್ಲ. ಅದು ಯಾಕೆ ಹೋಯಿತೆಂದು ತಿಳಿಯಬೇಕೆಂದೇ ತಲೆ ತಿರುಗುವ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋದವಳು.

“ಉಂಟು ಅಂತ ಕಾಲಿಗೆ ಗೊತ್ತಿರುವಾಗ ಇಲ್ಲ ಅಂತ ಹೇಗೆ ಬರೆಸುದು ಮೇಡಂ?” ಎಂದಳು. “ಇದ್ದದ್ದು ಇದ್ದ ಹಾಗೆ ಬರೀರಿ. ಎಷ್ಟನೇ ನಂಬ್ರ ಬೇಕಾದ್ರೂ ಆಗ್ಲಿ.”

ಬುಧವಾರ ಮಣಿಪಾಲದ ಅದೇ ಹಾಲಿನಲ್ಲಿ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಮೇಡಂ ಮಾತಿಗೆ ತಪ್ಪಲಿಲ್ಲ. ‘ಅಳಿವೆ ಬಾಗಿಲು’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು, ನಿಷೇಧದ ಸಾಲಿನ ಮೇಲೆ ಗೆರೆ ಹೊಡೆದಿದ್ದರು. ನಂಬ್ರ ಹದಿನಾಲ್ಕು. ಇನ್ನು ಎಲ್ಲರೂ ಬೊಟ್ಟು ಅಂಟಿಸಿ ಕ್ರಮ ಮಾಡಬೇಕಂತೆ. ಒಬ್ಬೊಬ್ಬರಿಗೆ ಮೂರು ಕೆಂಪು ಬೊಟ್ಟು, ಒಂದು ವಿಷಯಕ್ಕೆ ಒಂದೇ. ಅಮ್ಮಣ್ಣಿಗೆ ಕೊಟ್ಟರು. ನನಗೆ ಕೊಡಲಿಲ್ಲ. ಮೂವತ್ತೆಂಟು ವರ್ಷ ಕರಾವಳಿಯನ್ನು ಹೊತ್ತು ತಿರುಗಿದವನಿಗೆ ಒಂದು ಬೊಟ್ಟಿಲ್ಲ!

ಬೊಟ್ಟು ಹಾಕುವ ಮೊದಲು, ತಪ್ಪು ಹೇಗಾಯಿತೆಂದು ವಿಕಾಸ್ ಎದ್ದು ಹೇಳಿದ. ಯಾರ ಮೇಲೂ ಹಾಕಲಿಲ್ಲ, “ನನಗೆ ಶಬ್ದ ಗೊತ್ತಿರಲಿಲ್ಲ, ಕೇಳುವ ಬದಲು ತಿದ್ದಿದೆ,” ಎಂದ. ಸಭೆ ನಕ್ಕಿತು. ಆದರೆ ಕುಂದಾಪುರದ ಕಡೆಯಿಂದ ಬಂದಿದ್ದ ಫೌಸ್ಟಿನ್ ಎನ್ನುವವರು ನಗಲಿಲ್ಲ.

“ಸ್ವಲ್ಪ ನಿಲ್ಲಿ. ನಮ್ಮ ಹೊಳೆಯಲ್ಲಿಯೂ ಹೀಗೇ ಉಂಟು. ಬಾಗಿಲಿನಲ್ಲಿ ಸಿಗ್ತದೆ, ಒಳಗೆ ಇಲ್ಲ. ನಮ್ಮಲ್ಲಿ ಮಾತ್ರ ಅಂತ ತಿಳ್ಕೊಂಡು ನಾನು ಹೇಳ್ಲಿಲ್ಲ.”

ಕಾಸರಗೋಡಿನ ಒಬ್ಬ ಹೆಂಗಸು ಎದ್ದರು. ಅವರದ್ದೂ ಅದೇ. ಹೊನ್ನಾವರದ ಕಡೆಯವರೂ ಎದ್ದರು. ಇಷ್ಟು ವರ್ಷ ಒಂದೊಂದು ಹೊಳೆಯವರೂ ತಮ್ಮ ಹೊಳೆಗೆ ಮಾತ್ರ ಏನೋ ಆಗಿದೆ ಎಂದು ತಮ್ಮೊಳಗೇ ಇಟ್ಟುಕೊಂಡು ಕುಳಿತಿದ್ದರು. ಮೇಡಂ ನಾಲ್ಕನ್ನೂ ಸೇರಿಸಿ ಒಂದೇ ಸಾಲು ಮಾಡಿದರು. ಆಮೇಲೆ ಬೊಟ್ಟು ಬೀಳುವುದನ್ನು ನೋಡಬೇಕಿತ್ತು, ಹದಿನಾಲ್ಕು ಹತ್ತಾಯಿತು, ಹತ್ತು ಎಂಟಾಯಿತು. ನಾನು ಕುರ್ಚಿಯ ಮೇಲೆ ನಿಂತು ಎಣಿಸುತ್ತಿದ್ದೆ. ಒಂದು ಹಂತದಲ್ಲಿ ನೂರಕ್ಕಿಂತ ಹೆಚ್ಚು ಬೊಟ್ಟು ಇತ್ತು. ಸರಿ, ಅಷ್ಟಿರಲಿಲ್ಲ. ಮೂವತ್ತೊಂದು.

ಕೊನೆಗೆ ಆರನೆಯ ನಂಬ್ರದಲ್ಲಿ ನಿಂತಿತು. ಐದನೆಯದು ಕಡಲ ಕೊರೆತ, ಮೂವತ್ತೆರಡು. ಒಂದೇ ಒಂದು ಬೊಟ್ಟಿನಲ್ಲಿ ಹೋಯಿತು ಮಾರಾಯ್ರೆ! ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನಾನು ಹೊಟ್ಟೆ ಉರಿದುಕೊಂಡು, “ಆ ಒಂದು ಬೊಟ್ಟು ಅಂಟಿಸಿದ ಪುಣ್ಯಾತ್ಮ ಯಾರೋ,” ಎಂದೆ.

“ನಾನು,” ಎಂದಳು ಅಮ್ಮಣ್ಣಿ.

“ನೀನಾ?”

“ಮೂರು ಕೊಟ್ಟಿದ್ರಲ್ಲ. ಪಡುಬಿದ್ರಿಯಿಂದ ಬಂದಿದ್ರು, ನೀಲಿ ಸೀರೆಯವರು. ಅವರ ಅಡುಗೆಕೋಣೆಯ ಗೋಡೆ ಹೋಗಿ ಕಡಲು ಒಳಗೆ ಬಂದದ್ದನ್ನು ಮೊಬೈಲಿನಲ್ಲಿ ತೋರಿಸಿದ್ರು. ಅವರಿಗೆ ಒಂದು ಹಾಕಿದೆ. ನನ್ನ ಹೊಳೆ ಸದ್ಯ ಅಲ್ಲೇ ಉಂಟಲ್ಲ ಭಾವ.”

ಟೈಗರ್ ಸರ್ಕಲಿನಿಂದ ಉಡುಪಿಯ ತನಕ ಸುಮ್ಮನೆ ಕುಳಿತೆ. ಕಂಡಕ್ಟರ್ ಬಂದು, ಅಜ್ಜನಿಗೆ ಹುಷಾರಿಲ್ವಾ ಎಂದು ಕೇಳಿದ.

ಹಾಗಾಗಿ ಈ ವರ್ಷ ಸರಕಾರದ ಕೆಲಸ ಬರಲಿಲ್ಲ. ಬೋಗುಣಿ ಮಾತ್ರ ಹನ್ನೊಂದೂ ನೀರಿನಲ್ಲೇ ಇವೆ. ತಿಂಗಳಿಗೊಮ್ಮೆ, ಅಮಾವಾಸ್ಯೆಯ ದೊಡ್ಡ ಇಳಿತದ ದಿನ, ವಿಕಾಸ್ ರಜೆ ಹಾಕಿ ಆ ಪೈಪಿನ ಚೌಕವನ್ನು ಬೈಕಿಗೆ ಕಟ್ಟಿಕೊಂಡು ಕುಕ್ಕುಂದೂರಿನಿಂದ ಬರುತ್ತಾನೆ. ಫೌಸ್ಟಿನ್ ಅವರ ಕಡೆಯೂ ಅಂಥದ್ದೇ ಒಂದು ಚೌಕ ಮಾಡಿಸಿಕೊಂಡಿದ್ದಾರಂತೆ, ಕಾಸರಗೋಡಿನವರೂ. ಒಂದೇ ದಿನ ಎಲ್ಲರೂ ಎಣಿಸಿ ಮೊಬೈಲಿನಲ್ಲಿ ಹಾಕುತ್ತಾರೆ. ಬಾಗಿಲಿನಲ್ಲಿ ಅರವತ್ತು, ಎಪ್ಪತ್ತು. ಒಳಗೆ ಈ ತನಕ ಸೊನ್ನೆಯೇ. ಹೋದ ತಿಂಗಳು ವಿಕಾಸ್ ಪುಸ್ತಕದಲ್ಲಿ ‘ಇಲ್ಲ’ ಎಂದು ಬರೆಯಲು ಹೊರಟಾಗ ಅಮ್ಮಣ್ಣಿ ಅವನ ಕೈ ಹಿಡಿದಳು.

“ಸೊನ್ನೆ ಹಾಕು ಮಗಾ. ಅಕ್ಷರ ಬೇಡ. ನಾಳೆ ಯಾರಾದ್ರೂ ಅದನ್ನೂ ಸರಿ ಮಾಡ್ತಾರೆ.”

ಹುಡುಗ ನಕ್ಕು ಸೊನ್ನೆ ಹಾಕಿದ. ಅಮ್ಮಣ್ಣಿ ಚೌಕವನ್ನು ಎತ್ತಿ ಇನ್ನೂ ಹತ್ತು ಹೆಜ್ಜೆ ಒಳಗೆ ನಡೆದಳು, ಇನ್ನೊಂದು ಕಡೆ ನೋಡುವ ಎಂದು. ಆ ಹತ್ತನೆಯ ಹೆಜ್ಜೆಯಲ್ಲಿ ಅವಳ ಕಾಲಿಗೆ ಏನು ಸಿಕ್ಕಿತು ಗೊತ್ತೇ? ನಂಬಿದರೆ ನಂಬಿ, ನನ್ನ ಹಳೆಯ ಬಸ್ಸಿನ ಸ್ಟೆಪ್ನಿ ಚಕ್ರ, ಗಾಳಿ ಕೂಡ ಹೋಗಿರಲಿಲ್ಲ, ಅದರ ಒಳಗೆ...

“ಓಯ್! ಯಾರ ಹತ್ತಿರ ಒಬ್ಬರೇ ಮಾತಾಡ್ತಾ ಕೂತಿದ್ದೀರಿ? ಬಡಿಸಿ ಇಟ್ಟು ಎಷ್ಟು ಹೊತ್ತಾಯ್ತು, ಗಂಜಿ ಆರ್ತಾ ಉಂಟು!”

ಬಂದೆ ಮಾರಾಯ್ತಿ, ಬಂದೆ.